ಕರಾರಿನಲ್ಲಿ ಗೂಬೆ

ಕನ್ನಡಕದಂಗಡಿಯವನಿಗೆ ಊರವರ ಕಣ್ಣನ್ನೆಲ್ಲ ಸರಿಮಾಡುವ ವಿದ್ಯೆ ಗೊತ್ತಿತ್ತು. ತನ್ನದೇ ಬಾಲ್ಕನಿಯಲ್ಲಿ ನಡೆಯುತ್ತಿದ್ದದ್ದು ಮಾತ್ರ ಮೂರು ವಾರವಾದರೂ ಕಣ್ಣಿಗೆ ಬಿದ್ದಿರಲಿಲ್ಲ. (ಹೆಂಡತಿ ಇದನ್ನು ಕಂಡಕಂಡವರಿಗೆಲ್ಲ ಹೇಳಿಯಾಗಿದೆ.) ಆ ಭಾನುವಾರ ಮನೆ ಓನರಮ್ಮ ಬಂದು ಹೊಸ ಬಾಡಿಗೆ ಕರಾರಿಗೆ ಸಹಿ ಹಾಕಲು ಇನ್ನೊಂದೇ ಗಂಟೆ ಇತ್ತು. ಧೂಳು ಹೊಡೆಯೋಣ ಅಂತ ಬಾಲ್ಕನಿಯ ಹಳೇ ಕೂಲರಿನ ಡಬ್ಬದೊಳಗೆ ಕೈ ಹಾಕಿದ. ಒಳಗಿಂದ 'ಹಿಸ್ಸ್' ಅಂತು.

"ಹಾವು ಕಣೇ!" ಅಂತ ಒಂದೇ ನೆಗೆತಕ್ಕೆ ಹಾಲಿಗೆ ಬಂದು ಬಿದ್ದ.

ಹೆಂಡತಿ ಬಗ್ಗಿ ನೋಡಿದಳು. "ಹಾವೂ ಇಲ್ಲ, ಗೀವೂ ಇಲ್ಲ. ಗೂಬೆ ರೀ. ಪಾಪ, ಬಾಣಂತಿ. ಮೂರು ಮರಿ ಇದಾವೆ."

ಅವನಿಗೆ ಹಾವಾಗಿದ್ದರೇ ವಾಸಿಯಿತ್ತು, ಹೇಗೋ ಹರಿದು ಹೋಗುತ್ತಿತ್ತು. ಕರಾರಿನ ಮೂರನೇ ಷರತ್ತು ಅವನಿಗೆ ಬಾಯಿಪಾಠ: 'ಮನೆಯಲ್ಲಿ ಪ್ರಾಣಿ, ಪಕ್ಷಿ ಯಾವುದೂ ಕೂಡದು.' ಎದುರು ಮನೆಯವರು ಒಂದು ಬಡಪಾಯಿ ಗಿಳಿ ತಂದ ತಪ್ಪಿಗೆ ಹದಿನೈದೇ ದಿನದಲ್ಲಿ ಗಂಟುಮೂಟೆ ಕಟ್ಟಿದ್ದರು. ಇವರಿಗೋ ನಾಲ್ಕು ವರ್ಷದಲ್ಲಿ ಇದು ಮೂರನೇ ಮನೆ. ಇನ್ನೊಂದು ಸಲ ಸಾಮಾನು ಕಟ್ಟುವ ಪ್ರಸಂಗ ಬಂದರೆ ತಾನು ಅದನ್ನು ಬಿಚ್ಚುವುದು ತವರಿನಲ್ಲೇ ಅಂತ ಹೆಂಡತಿ ಕಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಹಕ್ಕಿ ರಕ್ಷಿಸುವವನೊಬ್ಬನ ನಂಬರ್ ಹುಡುಕಿ ಆರು ಸಲ ಫೋನ್ ಮಾಡಿದ. ಮಹಾನುಭಾವ ಎತ್ತಲಿಲ್ಲ. ಬಾಲ್ಕನಿ ಬಾಗಿಲು ಹಾಕಿ, ಪರದೆ ಎಳೆದು, ಪರದೆಗೆ ಪಿನ್ನು ಚುಚ್ಚಿದ.

"ಒಂದು ಮಾತು ನೆನಪಿಟ್ಟುಕೋ. ಅವರೆದುರು 'ಗೂಬೆ' ಅನ್ನೋ ಶಬ್ದ ನಿನ್ನ ಬಾಯಿಂದ ಬರಕೂಡದು!"

"ಹಾಗಾದ್ರೆ ನಿಮ್ಮನ್ನ ಏನಂತ ಕರೀಲಿ?" ಅಂದಳು ಅವಳು.

ಓನರಮ್ಮ ಹನ್ನೊಂದಕ್ಕೆ ಸರಿಯಾಗಿ ಬಂದರು. ಕೆಳಗಿನ ಮನೆಯಲ್ಲೇ ಒಬ್ಬರೇ ಇರುವ ಹಿರಿಯ ಜೀವ. ದಪ್ಪ ಗಾಜಿನ ಕನ್ನಡಕ, ಅದರ ಹಿಂದೆ ಇಷ್ಟಗಲ ಕಣ್ಣು. (ಆ ಗಾಜು ಕೂರಿಸಿಕೊಟ್ಟವನೂ ಇವನೇ.) ಸೋಫಾದಲ್ಲಿ ಕೂತು, ಕರಾರನ್ನು ಎರಡು ಪುಟ ಓದುವಷ್ಟರಲ್ಲಿ ತೂಕಡಿಸತೊಡಗಿದರು. ಆಗಲೇ ಫೋನ್ ಬಡಿದುಕೊಂಡಿತು. ಅವನು ಅಡುಗೆಮನೆಗೆ ಓಡಿದ.

"ಹೌದು ಸಾರ್, ನಾನೇ. ಅದು ಇಲ್ಲೇ ಬಂದು ಕೂತಿದೆ ಸಾರ್... ಹೆಸರು ಹೇಳೋ ಹಾಗಿಲ್ಲ, ಪಕ್ಕದಲ್ಲೇ ಜನ ಇದಾರೆ. ದೊಡ್ಡ ಕಣ್ಣು. ಹಗಲೆಲ್ಲ ತೂಕಡಿಸುತ್ತೆ. ಎಚ್ಚರ ಆದ್ರೆ ಕತ್ತು ತಿರುಗಿಸಿ ದುರುಗುಟ್ಟಿಕೊಂಡು ನೋಡುತ್ತೆ... ಏನು? ಹಿಡಿಯೋ ಹಾಗಿಲ್ವಾ? ಹಾಗನ್ನಬೇಡಿ ಸಾರ್! ಒಂದು ಗೋಣಿಚೀಲ ತಂದು ಹಾಕ್ಕೊಂಡು ಹೋಗಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ!"

ತಿರುಗಿ ನೋಡಿದರೆ ಬಾಗಿಲಲ್ಲಿ ಓನರಮ್ಮ. ನೀರು ಕುಡಿಯಲು ಖಾಲಿ ಲೋಟ ಹಿಡಿದು ಎದ್ದು ಬಂದಿದ್ದವರು.

"ಗೋಣಿಚೀಲದಲ್ಲಾ?" ಅಂದರು. "ಸಾಲದ್ದಕ್ಕೆ 'ಕೂತಿದೆ' ಬೇರೆ! 'ಕೂತಿದಾರೆ' ಅನ್ನೋಕೂ ಬಾಯಿ ಬರಲಿಲ್ವೇನ್ರೀ?"

"ಅಯ್ಯೋ, ನಿಮಗಲ್ಲ ಅಮ್ಮಾ! ಗೂಬೆ, ಗೂಬೆ!" ಅಂತ ಕಿರುಚಿದ.

ಓನರಮ್ಮನ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ಗೂಬೆಯನ್ನು ತೋರಿಸಿದರೆ ಷರತ್ತು ಮುರಿದಂತೆ, ತೋರಿಸದಿದ್ದರೆ ಅವರನ್ನೇ ಬೈದಂತೆ.

"ಇವಳೇ ಅಮ್ಮಾ, ಇವಳೇ ಫೋನ್ ಮಾಡಿ ಅಂದಿದ್ದು!"

"ಹೂಂ, ಇನ್ನೇನು, ನನ್ನ ಮೇಲೂ ಒಂದು ಗೂಬೆ ಕೂರಿಸಿ!" ಎಂದು ಹೆಂಡತಿ ಸರಸರ ಹೋಗಿ ಪಿನ್ನು ಕಿತ್ತು ಬಾಗಿಲು ತೆಗೆದಳು. "ಬನ್ನಿ ಅಮ್ಮಾ, ನೀವೇ ನೋಡಿ."

ಓನರಮ್ಮ ಡಬ್ಬದ ಮುಂದೆ ಬಗ್ಗಿದರು. ಎಷ್ಟು ಹೊತ್ತಾದರೂ ಮೇಲೇಳಲಿಲ್ಲ. ಹಿಂದೆ ನಿಂತವನು ಮನಸ್ಸಿನಲ್ಲೇ ಪಾತ್ರೆಪಗಡ ಕಟ್ಟಿ, ಲಾರಿಗೆ ಹೇರಿ, ಹೆಂಡತಿಯನ್ನು ತವರಿಗೆ ಕಳಿಸಿಯೂ ಆಗಿತ್ತು.

"ಈ ಇಲಿ ನಂದು!" ಎಂದರು ಓನರಮ್ಮ ಕೊನೆಗೆ. ಡಬ್ಬದ ಮೂಲೆಯಲ್ಲಿ ಅರ್ಧ ಇಲಿ ಬಿದ್ದಿತ್ತು. "ಬಾಲ ಮೋಟು, ನೋಡಿ. ನನ್ನ ಅಡುಗೆಮನೆ ಬಾಗಿಲಿಗೆ ಸಿಕ್ಕಿ ತುಂಡಾಗಿದ್ದು. ಎರಡು ವರ್ಷ ಜೀವ ತಿಂದಿತ್ತು ರೀ! ಎರಡು ವಾರದಿಂದ ಇಲಿ ಕಾಟ ಕಮ್ಮಿಯಾಗ್ತಾ ಬಂದಿತ್ತು, ಯಾಕಪ್ಪಾ ಅಂದುಕೊಂಡೆ. ಎಲ್ಲಿ, ಕರಾರು ಕೊಡಿ!"

ಮೂರನೇ ಷರತ್ತನ್ನು ಅಡ್ಡಗೀಟೆಳೆದು ಹೊಡೆದುಹಾಕಿದರು. 'ಗೂಬೆಗಳನ್ನು ಓಡಿಸಿದರೆ ಮನೆ ಖಾಲಿ ಮಾಡತಕ್ಕದ್ದು' ಎಂದು ಪಕ್ಕದಲ್ಲಿ ಬರೆದರು. ಆಮೇಲೆ ಪೆನ್ನು ನಿಂತಿತು.

"ಎಷ್ಟಿವೆ ಅಂತಲೂ ಬರೀಬೇಕಲ್ಲ. ತಾಯಿ ಒಂದು, ಮರಿ ಮೂರು. ಗಂಡು ಎಲ್ಲಿ? ಕಾಣ್ತಿಲ್ಲ?"

ಹೆಂಡತಿ ನೆಲಕ್ಕೆ ಬಿದ್ದ ಲೋಟ ಎತ್ತುತ್ತ ಅಂದಳು: "ನಿಮ್ಮ ಪಕ್ಕದಲ್ಲೇ ಫೋನ್ ಹಿಡ್ಕೊಂಡು ನಿಂತಿದೆಯಲ್ಲಮ್ಮಾ."

ಓನರಮ್ಮ ಕನ್ನಡಕ ಸರಿಮಾಡಿಕೊಂಡು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. 'ಒಟ್ಟು ಗೂಬೆ: ಐದು' ಎಂದು ಬರೆದು, ಕಾಗದವನ್ನು ಅವನ ಕಡೆ ತಳ್ಳಿದರು.

ಬಾಯಿ ತೆರೆದರೆ ಮನೆ ಹೋಗುತ್ತಿತ್ತು. ಅವನು ತೆಪ್ಪಗೆ ಸಹಿ ಹಾಕಿದ.