ಕುಲ ತಿಳಿಯದ ಕಾರ್ಬುರೇಟರ್

ಗಡಿಯಾರದ ಮಾತು ಕೇಳದ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂಬುದು ನನ್ನ ಹಳೆಯ ನಿಯಮ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿ ಸೀಟಿ ಊದಿದವನು ನಾನು. ನಿವೃತ್ತನಾದ ಮೇಲೆ ಸಾಲಿನಲ್ಲಿ ನಿಲ್ಲಿಸಲು ಮಕ್ಕಳಿಲ್ಲದ್ದರಿಂದ ಮನೆಯನ್ನೇ ನಿಲ್ಲಿಸಿದ್ದೇನೆ. ಬಾಗಿಲ ಹಿಂದೆ 'ಮನೆ ಬಿಡುವ ಮುನ್ನ' ಎಂಬ ಪಟ್ಟಿ ಅಂಟಿಸಿದ್ದೇನೆ: ಒಲೆ ಆರಿದೆಯೇ, ಕಿಟಕಿ ಹಾಕಿದೆಯೇ, ನಲ್ಲಿಗಳೆಲ್ಲ ಬಂದ್ ಆಗಿವೆಯೇ ಎಂದು. ಗಟ್ಟಿಯಾಗಿ ಓದಿ, ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿಯೇ ಹೊರಡುವುದು. ಹೆಂಡತಿ ಶರಣಮ್ಮ ಇದನ್ನು ಪರೇಡು ಎನ್ನುತ್ತಾಳೆ. ಇಂಥವನು ಎಂಟು ಸಿಲಿಂಡರಿನ ಹಳೆಯ ಅಮೆರಿಕನ್ ಕಾರನ್ನು ಏಕೆ ತಂದ ಎಂದು ದಯವಿಟ್ಟು ಕೇಳಬೇಡಿ. ಆಳಂದದ ನಮ್ಮ ಓಣಿಯಲ್ಲಿ ಅದು ತಿರುಗಬೇಕಾದರೆ ಎರಡು ಮನೆಯವರು ಕಟ್ಟೆಯಿಂದ ಕಾಲು ಮೇಲೆತ್ತಿಕೊಳ್ಳಬೇಕು. ಹೈದರಾಬಾದಿನ ಗುತ್ತಿಗೆದಾರನೊಬ್ಬ ಮಾರುವಾಗ ಒಮ್ಮೆ ಗುಡುಗಿಸಿ ತೋರಿಸಿದ. ನನ್ನ ಕಿವಿಗೆ ಅದು ಗಣರಾಜ್ಯೋತ್ಸವದ ಬ್ಯಾಂಡಿನಂತೆ ಕೇಳಿಸಿತು. ಅಷ್ಟೇ.

ಆರು ತಿಂಗಳಿಗೆ ಅದರ ಕಾರ್ಬುರೇಟರ್ ಸೀಳಿತು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಆ ಲೋಹದ ಗಡ್ಡೆ ನಮ್ಮ ಸೀಮೆಯಲ್ಲಿ ಎಲ್ಲೂ ಸಿಗಲಿಲ್ಲ. ಕೊನೆಗೆ ಮೆಕ್ಯಾನಿಕ್ ಮಸ್ತಾನ್ ಸೊಲ್ಲಾಪುರದ ಗುಜರಿಯಿಂದ ಬೇರೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದ. ಮೇಲಿನ ಅಕ್ಷರಗಳು ಸವೆದು ಹೋಗಿದ್ದವು.

"ಯಾವ ಗಾಡೀದೋ ಇದು?" ಎಂದೆ.

"ಅಲ್ಲಾನೇ ಬಲ್ಲ ಮಾಸ್ತರ್ರ. ಬಸವಣ್ಣನವ್ರನ್ನ ನಂಬಿದವ್ರು ನೀವು, ನೀವ ಕುಲ ಕೇಳಿದ್ರ ಹೆಂಗ್ರಿ?"

ಬಾನೆಟ್ ನಾನೇ ಎತ್ತಿ ಹಿಡಿದೆ. ತೂತುಗಳು ಹೊಂದದೆ ನಡುವೆ ಒಂದು ತಗಡು ಕೊರೆದು ಕೂಡಿಸಿದ. ನಿಂತಾಗ ಪೆಟ್ರೋಲು ಸೋರುತ್ತಿದ್ದುದರಿಂದ ಕೊಳವೆಗೆ ಹಿತ್ತಾಳೆಯ ನಲ್ಲಿಯೊಂದನ್ನೂ ಹಾಕಿದ. "ಗಾಡಿ ನಿಂತಾಗ ಇದನ್ನ ಬಂದ್ ಇಡ್ರಿ, ಮರೀಬ್ಯಾಡ್ರಿ" ಎಂದ. ಮರೆಯುವುದೆ? ನಾನೆ?

ಅದೇ ವಾರ ಜೇವರ್ಗಿಯಲ್ಲಿ ಶರಣಮ್ಮನ ತಂಗಿಯ ಮೊಮ್ಮಗನಿಗೆ ತೊಟ್ಟಿಲ ಕಾರ್ಯ. ಅಫಜಲಪುರದ ಕಡೆ ಕಬ್ಬು ಬೆಳೆಯುವ ಅವಳ ಅಣ್ಣ ಈ ಎಂಜಿನ್ನನ್ನು ತನ್ನ ಗಾಣಕ್ಕೆ ಕೇಳುತ್ತಲೇ ಇದ್ದ. ಶರಣಮ್ಮ ತೀರ್ಪು ಕೊಟ್ಟಳು: "ಗಾಡಿ ಜೇವರ್ಗಿ ಮುಟ್ಟಿದ್ರ ಮನ್ಯಾಗ ಇರ್ಲಿ. ಮುಟ್ಟಲಿಲ್ಲಂದ್ರ ಎಂಜಿನ್ ನಮ್ಮಣ್ಣಗ."

ಎರಡು ದಿನ ಮೊದಲೇ ಪ್ರಯೋಗ ಆರಂಭಿಸಿದೆ. ಬೆಳಿಗ್ಗೆ ಆರಕ್ಕೆ ಮಸ್ತಾನ್ ಬಂದು ನಲ್ಲಿ ತೆರೆದು, ಎಂಜಿನ್ ಕಾಯಿಸಿ, ಆರಿಸಿ ಹೋದ. ನಾನು ಪರೇಡು ಮುಗಿಸಿ, "ನಾ ಇನ್ನೂ ಒಳಗ ಅಡಿಗಿ ಮಾಡಾಕತ್ತೇನ್ರಿ, ಒಲಿ ಆರಿಸಬ್ಯಾಡ್ರಿ!" ಎಂದು ಶರಣಮ್ಮ ಕೂಗಿದ್ದನ್ನೂ ಕೇಳಿಸಿಕೊಳ್ಳದೆ, ಆರೂವರೆಗೆ ಹೊರಟೆ. ಗಾಡಿ ಗುಡುಗುತ್ತ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಎರಡು ಸಲ ಕೆಮ್ಮಿ ನಿಂತಿತು. ಮಸ್ತಾನನಿಗೆ ಹೇಳಿ ಕಳಿಸಿದೆ. ಅವನು ಬಂದು ನಲ್ಲಿ ತೆರೆದು, ಪೆಟ್ರೋಲು ಹಾಯುವ ಸಣ್ಣ ತೂತಿನ ಜೆಟ್ಟು ಬಿಚ್ಚಿ ಊದಿ ಚಾಲೂ ಮಾಡಿದರೆ ಹುಲಿಯಂತೆ ಓಡಿತು. ಮರುದಿನವೂ ಅದೇ ಜಾಗ, ಅದೇ ಕೆಮ್ಮು. ಚಹದ ಅಂಗಡಿಯವನು ನನಗಾಗಿ ಕುರ್ಚಿ ಒರೆಸಿಟ್ಟಿದ್ದ. "ಇವತ್ತ ಎರಡು ಮಿನಿಟ್ ಲೇಟ್ ಆತಲ್ರಿ ಮಾಸ್ತರ್ರ" ಎಂದ. ನನಗೆ ಮೈ ಉರಿಯಿತು. "ಕುಲಗೆಟ್ಟ ಕಾರ್ಬುರೇಟರ್!" ಎಂದು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಬೈದೆ.

ಮೂರನೆಯ ದಿನವೇ ತೊಟ್ಟಿಲು. ಮಸ್ತಾನನನ್ನೂ ಜೊತೆಗೆ ಕರೆದೆ. ಅವನು ಎಂಜಿನ್ ಕಾಯಿಸಿ, ಹಿಂದೆ ಡಿಕ್ಕಿಯಲ್ಲಿ ಬುತ್ತಿಗಂಟು ಇಡುತ್ತಿದ್ದ, ನಾನು ಪಟ್ಟಿ ಮುಗಿಸಿದೆ, ಹೊರಟೆವು. ಬಸ್‌ಸ್ಟ್ಯಾಂಡು ಬಂತು, ಕೆಮ್ಮು ಬಂತು, ಕುರ್ಚಿಯೂ ಬಂತು. ಶೇಂಗಾ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಶರಣಮ್ಮ, "ನಡೀರಿ, ಅಣ್ಣಗ ತಾರ್ ಕಳ್ಸೂಣು" ಎಂದಳು. ಅಷ್ಟರಲ್ಲಿ ಮಸ್ತಾನ್ ಜಿಗಿದು ಬಾನೆಟ್ ಎತ್ತಿದ.

"ಮಾಸ್ತರ್ರ, ನಲ್ಲಿ ಬಂದ್ ಅದರಿ!"

"ನಿಂತಾಗ ಬಂದ್ ಇರಬೇಕಂತ ನೀನ ಹೇಳೀದಿ."

"ನಿಂತ ಮ್ಯಾಲೆ ನೀವಿನ್ನೂ ಕೆಳಗ ಇಳದೇ ಇಲ್ಲಲ್ರಿ! ಬಂದ್ ಮಾಡಿದವ್ರು ಯಾರು?"

"ಇನ್ಯಾರಪಾ" ಎಂದಳು ಶರಣಮ್ಮ. "ನಲ್ಲಿ ಎಲ್ಲಾ ಬಂದ್ ಅಂತ ಪರೇಡ್ ಮಾಡೂಮುಂದ ಅಡಿಗಿ ಮನೀದು ಮುಟ್ಟಿದ್ರು, ಬಚ್ಚಲದ್ದು ಮುಟ್ಟಿದ್ರು, ಕಡೀಕ ಬಾನೆಟ್ ಎತ್ತಿದ್ರು. ನಾನ ನೋಡೀನಲ್ಲ."

ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದ ಗುಟುಕು ಪೆಟ್ರೋಲು ಬಸ್‌ಸ್ಟ್ಯಾಂಡಿನ ತನಕ ಸಾಲುತ್ತಿತ್ತು, ಅಷ್ಟೇ. ನಿಂತ ಗಾಡಿಯಲ್ಲಿ ನಲ್ಲಿ ಬಂದ್ ಇದ್ದುದನ್ನು ಕಂಡ ಮಸ್ತಾನ್, ಎರಡು ದಿನವೂ ಅದನ್ನು ಮಾಸ್ತರರ ಶಿಸ್ತು ಎಂದೇ ತಿಳಿದಿದ್ದ. ನಲ್ಲಿ ತೆರೆದೆವು. ಆ ಕುಲವಿಲ್ಲದ ಜೀವ ಗುಲ್ಬರ್ಗಾ ದಾಟಿ, ಒಮ್ಮೆಯೂ ಕೆಮ್ಮದೆ, ಮಗುವನ್ನು ತೊಟ್ಟಿಲಿಗೆ ಹಾಕುವ ಮುನ್ನವೇ ಜೇವರ್ಗಿ ಮುಟ್ಟಿಸಿತು. ಎಂಜಿನ್ ಅಳೆಯಲು ಟೇಪು ತಂದಿದ್ದ ಶರಣಮ್ಮನ ಅಣ್ಣ ಅದನ್ನು ಮೆಲ್ಲಗೆ ಜೇಬಿಗಿಳಿಸಿದ.

ಮರುದಿನ ಪಟ್ಟಿಯ ಕೆಳಗೆ ಶರಣಮ್ಮನ ಕೈಬರಹದಲ್ಲಿ ಹೊಸ ಸಾಲೊಂದಿತ್ತು: 'ಇಷ್ಟಾದ ಮೇಲೆ ಮಾಸ್ತರರು ಕಾರಿನಿಂದ ಹತ್ತು ಹೆಜ್ಜೆ ದೂರ, ಕೈ ಹಿಂದೆ ಕಟ್ಟಿಕೊಂಡು, ವಿಶ್ರಾಮ್.' ಪಟ್ಟಿಯಲ್ಲಿ ಇದ್ದದ್ದನ್ನು ಮೀರುವುದು ನನ್ನಿಂದಾಗದು. ಈಗ ನಾನು ಹಾಗೆ ನಿಲ್ಲುತ್ತೇನೆ. ಅವಳು ಬಾನೆಟ್ ಎತ್ತಿ ನಲ್ಲಿ ತೆರೆಯುತ್ತಾಳೆ.