ಧಮ್ ಕಾಣೆಯಾದ ದಿನ

ಅಕ್ಕ ಮೇಜು ಸರಿಸಿದ್ದು ಒಳ್ಳೆಯ ಮನಸ್ಸಿನಿಂದಲೇ. ತಮ್ಮ ಸ್ನಾನಕ್ಕೆ ಇಳಿದಿದ್ದಾಗ ಅವನ ಮಹಡಿ ಕೋಣೆ ಗುಡಿಸಿದಳು. ಕಿಟಕಿಯ ಗೋಡೆಗೆ ಒತ್ತಿಕೊಂಡಿದ್ದ ಮೇಜು, ಕುರ್ಚಿ, ಸ್ಪೀಕರ್‌ಗಳನ್ನು ಎಳೆದು ತಂದು ಕೋಣೆಯ ನಟ್ಟನಡುವೆ ಇಟ್ಟಳು. ಇವತ್ತು ಅವನ ಹಣೆಬರಹ ತೀರ್ಮಾನವಾಗುವ ದಿನ. ಗೋಡೆಗೆ ಮುಖ ಮಾಡಿಕೊಂಡು ಶಿಕ್ಷೆಗೆ ನಿಂತವನ ಹಾಗೆ ಕೂರುವುದು ಬೇಡ, ಫ್ಯಾನಿನ ಕೆಳಗೆ ದೊಡ್ಡ ಮನುಷ್ಯನ ಹಾಗೆ ಕೂರಲಿ ಎನ್ನುವುದು ಅವಳ ಆಸೆ.

ತಮ್ಮನಿಗೆ ಬೀದಿಯವರು ಇಟ್ಟ ಹೆಸರು ಧಡಂ. ಕಂಪ್ಯೂಟರಿನಲ್ಲಿ ಕುಣಿತದ ಹಾಡು ಕಟ್ಟುವುದು ಅವನ ಕಸುಬು. ಅದರಲ್ಲೂ ಹಾಡಿನ ಬುಡದಲ್ಲಿ ಧಮ್ ಧಮ್ ಎಂದು ಬೀಳುವ ಕಿಕ್ ಡ್ರಮ್ಮಿನ ಏಟು ಎಂದರೆ ಅವನಿಗೆ ಹುಚ್ಚು. ಡ್ಯಾನ್ಸ್ ಶಾಲೆಯ ಮೇಡಂ ತಮ್ಮ ಹಳೆಯ ಸಂಗೀತಗಾರನನ್ನು, ಅವನ ಯಾವ ಹಾಡಿನಲ್ಲೂ ಧಮ್ ಕೇಳಿಸುವುದಿಲ್ಲವೆಂದು ಹೋದ ವಾರ ಕಳಿಸಿಬಿಟ್ಟಿದ್ದರು. ಇವತ್ತು ಸಂಜೆ ಧಡಂನ ಹಾಡು ಒಪ್ಪಿಗೆಯಾದರೆ ಇನ್ನು ಮುಂದೆ ಶಾಲೆಯ ಎಲ್ಲ ಹಾಡೂ ಅವನದೇ. ಆಗದಿದ್ದರೆ ನಾಳೆಯಿಂದ ಭಾವನ ಟೈಲ್ಸ್ ಅಂಗಡಿ. ಭಾವ ಕೆಟ್ಟವರಲ್ಲ. ಬಹಳ ದಿನ ಕಾದಿದ್ದರು, ಅಷ್ಟೇ.

ಹಾಡು ನಿನ್ನೆಯೇ ತಯಾರಾಗಿತ್ತು. ಕೊನೆಯ ಸಲ ಕೇಳಿಬಿಡೋಣ ಎಂದು ಧಡಂ ಹೊಸ ಜಾಗದಲ್ಲಿ ಕೂತು ಗುಂಡಿ ಒತ್ತಿದ. ತಾಳ ಬಂತು, ರಾಗ ಬಂತು, ಧಮ್ ಬರಲಿಲ್ಲ. ಅದರ ಜಾಗದಲ್ಲಿ ನೆನೆದ ರಟ್ಟಿನ ಡಬ್ಬಿಯನ್ನು ಬೆರಳಿನಿಂದ ತಟ್ಟಿದಂತೆ ಏನೋ ಒಂದು ಬಂದು ಹೋಯಿತು.

ಸ್ಪೀಕರಿನ ವೈರು ಕಿತ್ತು ಮತ್ತೆ ಸಿಕ್ಕಿಸಿದ. ಕಂಪ್ಯೂಟರ್ ಆರಿಸಿ ಹಚ್ಚಿದ. ಹೆಡ್‌ಫೋನಿನಲ್ಲಿ ಕೇಳಬಹುದಿತ್ತು, ಆದರೆ ಅದು ಕೆಟ್ಟು ಮೂಲೆ ಸೇರಿತ್ತು. ರಾತ್ರಿ ಕೆಲಸ ಮಾಡುವಾಗ ತನ್ನ ಕಿವಿಯೇ ಮೋಸ ಮಾಡಿ ಇಲ್ಲದ ಧಮ್ ಕೇಳಿಸಿದೆ ಎಂದುಕೊಂಡು ಧಡಂ ಅಂಗಿಯ ತೋಳು ಮಡಚಿದ.

ಮೊದಲು ಏಟಿನ ತಗ್ಗಿನ ಗುಡುಗನ್ನು, ಅಂದರೆ ಬೇಸ್ ಅನ್ನು, ಎತ್ತಿದ. ಏನೂ ಆಗಲಿಲ್ಲ. ಇನ್ನಷ್ಟು ಎತ್ತಿದ. ಆಮೇಲೆ ಏಟನ್ನು ಹಿಟ್ಟು ನಾದಿದಂತೆ ಅದುಮಿ ಗಟ್ಟಿ ಮಾಡಿದ. ಸ್ವಲ್ಪ ಹರಿದು ಒರಟು ಮಾಡಿದ. ಅದರ ಬೆನ್ನಿಗೆ ಇನ್ನೊಂದು ಏಟು ಕಟ್ಟಿದ, ಅದರ ಬೆನ್ನಿಗೆ ಮತ್ತೊಂದು. ಅವನ ಕಿವಿಗೆ ಮಾತ್ರ ರಟ್ಟಿನ ಡಬ್ಬಿ ರಟ್ಟಿನ ಡಬ್ಬಿಯಾಗಿಯೇ ಉಳಿಯಿತು.

ಬಾಗಿಲು ತಟ್ಟಿದ್ದು ಕೆಳಗಿನ ಅಂಗಡಿಯ ಗಡಿಯಾರ ರಿಪೇರಿಯ ಮಾಮ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮೆಟ್ಟಿಲು ಹತ್ತಿ ಬಂದಿದ್ದರು. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗೊಂದು ಮೇಜಿನಿಂದ ಹಾರಿ ಹೋಗಿದೆ, ಗೋಡೆಯ ಅಲಾರಂಗಳೆಲ್ಲ ತಾವಾಗಿಯೇ ಹೊಡೆದುಕೊಳ್ಳುತ್ತಿವೆ ಎಂದು ಬಹಳ ಮರ್ಯಾದೆಯಿಂದ ವರದಿ ಒಪ್ಪಿಸಿದರು.

"ಸ್ವಲ್ಪ ಕಡಿಮೆ ಮಾಡ್ಕೊಳ್ಳಪ್ಪ."

"ಮಾಮ, ಅದು ನಿಮಗೆ ಕೇಳಿಸ್ತಾ?"

"ಕೇಳಿಸೋದಾ? ನನ್ನ ಹಲ್ಲಿನ ಸೆಟ್ಟೇ ಕುಣೀತಾ ಇದೆ."

ಪಾಪ, ತನ್ನನ್ನು ಸಮಾಧಾನ ಮಾಡುವುದಕ್ಕೆ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡ ಧಡಂ. ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಬಾಗಿಲು ಮುಚ್ಚಿದ. ಇಷ್ಟು ಪ್ರೀತಿ ಇಟ್ಟುಕೊಂಡವರ ಮರ್ಯಾದೆಗಾದರೂ ಇನ್ನೊಂದಿಷ್ಟು ಏರಿಸಬೇಕೆಂದು ಏರಿಸಿದ.

ಅಡುಗೆಮನೆಯಲ್ಲಿ ಲೋಟಗಳು ಕಪಾಟಿನ ಅಂಚಿಗೆ ನಡೆದು ಬಂದವು. ಅಕ್ಕ ಒಂದೊಂದನ್ನೇ ಹಿಂದಕ್ಕೆ ತಳ್ಳುತ್ತ, ತಮ್ಮ ಇವತ್ತು ಒಳ್ಳೆಯ ಹುರುಪಿನಲ್ಲಿದ್ದಾನೆ ಎಂದು ಖುಷಿಪಟ್ಟಳು.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಹೆಡ್‌ಮಿಸ್ ಬಂದರು. ನಿವೃತ್ತರಾಗಿದ್ದರೂ ಬೀದಿಗೆಲ್ಲ ಅವರು ಇನ್ನೂ ಹೆಡ್‌ಮಿಸ್ಸೇ. ಅವರ ಮನೆ ಗೋಡೆಯ ಮೇಲಿದ್ದ, ತೀರಿಹೋದ ಯಜಮಾನರ ಫೋಟೋ ಬೆಳಗಿನಿಂದ ಓರೆಯಾಗುತ್ತಲೇ ಇದೆಯಂತೆ. ನೇರ ಮಾಡಿ ಮಾಡಿ ಸಾಕಾಯಿತಂತೆ. ಬೈಯುವುದಕ್ಕೆಂದೇ ಬಂದಿದ್ದರು. ಆದರೆ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದವನನ್ನು ಕಂಡು ಪಾಠ ಬದಲಾಯಿಸಿದರು.

ಧಡಂ ತನ್ನ ಕಿವಿ ಹೋಗಿದೆ ಎಂದ. ಅವರು ಅವನ ಬೆನ್ನ ಹಿಂದೆ ನಿಂತು ತುಟಿ ಮಾತ್ರ ಆಡಿಸಿದಂತೆ ಪಿಸುಗುಟ್ಟಿದರು: "ನಿನ್ನ ಕಾಲರ್ ಹರಿದಿದೆ."

"ಗೊತ್ತು ಮಿಸ್. ಅಕ್ಕ ಹೊಲಿದುಕೊಡ್ತೀನಿ ಅಂದಿದಾಳೆ."

"ಕಿವಿ ಸರಿಯಾಗೇ ಇದೆ. ಎಲ್ಲಿ, ಅದನ್ನ ಹಾಕು." ಹೇಳುತ್ತ ಅವರು ಬಾಗಿಲ ಮೂಲೆಗೆ ಸರಿದರು. ಧಡಂ ಗುಂಡಿ ಒತ್ತಿದ. ಹೆಡ್‌ಮಿಸ್ ಗೋಡೆ ಹಿಡಿದುಕೊಂಡರು. "ಏಳು ಮೇಲೆ. ಇಲ್ಲಿ ಬಂದು ನಿಂತ್ಕೊ."

ಧಡಂ ಎದ್ದು ಹೋದ. ಮೂಲೆಯಲ್ಲಿ ನಿಂತವನ ಎದೆಗೆ ಲಾರಿ ಗುದ್ದಿದ ಹಾಗಾಯಿತು. ಕುರ್ಚಿಗೆ ಬಂದ, ರಟ್ಟಿನ ಡಬ್ಬಿ. ಮೂಲೆಗೆ ಹೋದ, ಲಾರಿ. ಹೀಗೆ ಓಡಾಡುವಾಗ ಅವನಿಗೆ ಎಂದೋ ಓದಿದ್ದು ನೆನಪಾಯಿತು: ಗೋಡೆಗೆ ಬಡಿದು ವಾಪಸು ಬರುವ ತಗ್ಗಿನ ಶಬ್ದ, ಹೊಸದಾಗಿ ಹೊರಟ ಶಬ್ದಕ್ಕೆ ಕೋಣೆಯ ನಡುವೆ ಎದುರಾಗಿ ಅದನ್ನು ನುಂಗಿಬಿಡುತ್ತದೆ. ಲೋಕಕ್ಕೆಲ್ಲ ಧಮ್ ಕೇಳಿಸುತ್ತದೆ, ನಟ್ಟನಡುವೆ ಕೂತವನಿಗೆ ಮಾತ್ರ ಕೇಳಿಸುವುದಿಲ್ಲ. ಓದಿದ್ದೆಲ್ಲ ಕೆಲಸ ಕೆಟ್ಟ ಮೇಲೇ ನೆನಪಾಗುವುದು ಅವನ ಹಳೆಯ ಅಭ್ಯಾಸ.

ಇಬ್ಬರೂ ಸೇರಿ ಮೇಜನ್ನು ಕಿಟಕಿಯ ಹತ್ತಿರ ತಳ್ಳಿದರು. ಬೆಳಗಿನಿಂದ ಮಾಡಿದ್ದನ್ನೆಲ್ಲ ಅಳಿಸಿ ಧಡಂ ನಿನ್ನೆಯ ಹಾಡು ಹಾಕಿದ. ಧಮ್ ದುಂಡಗೆ, ಬೆಚ್ಚಗೆ, ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು.

ಹೊರಡುವಾಗ ಫೋಟೋದ ಬಗ್ಗೆ ಅವನು ಕ್ಷಮೆ ಕೇಳಿದ. ಹೆಡ್‌ಮಿಸ್ ಬಾಗಿಲಲ್ಲಿ ತಿರುಗಿ ನಿಂತರು. "ಓರೆಯಾಗಲಿ ಬಿಡು. ಅವರು ಇಷ್ಟು ಅಲ್ಲಾಡಿ ಬಹಳ ದಿನ ಆಗಿತ್ತು," ಎಂದು ಮೆಟ್ಟಿಲಿಳಿದರು.

ಸಂಜೆ ಡ್ಯಾನ್ಸ್ ಶಾಲೆಯಲ್ಲಿ ಮಕ್ಕಳು ಗೋಡೆಯ ಉದ್ದಕ್ಕೂ ಸಾಲಾಗಿ ನಿಂತಿದ್ದರು. ಹಾಡು ಶುರುವಾಯಿತು. ಬಾಗಿಲ ಬಳಿ ನಿಂತ ಧಡಂಗೆ ಪಾದದಿಂದ ನೆತ್ತಿಯವರೆಗೆ ತನ್ನ ಧಮ್ ಹರಿದು ಹೋದಂತಾಯಿತು. ಮಕ್ಕಳ ಕಾಲುಗಳು ಯಾರೂ ಹೇಳದೆಯೇ ಕುಣಿಯತೊಡಗಿದವು.

ಮೇಡಂ ಕೈಯೆತ್ತಿ ಹಾಡು ನಿಲ್ಲಿಸಿದರು. "ಧಮ್ ಎಲ್ಲಿ? ಆ ಹಳಬನದ್ದೂ ಹೀಗೇ ಇತ್ತು, ನಿನ್ನದೂ ಹೀಗೇ ಇದೆ."

ಧಡಂ ಸ್ಪೀಕರಿನ ಕಡೆ ನೋಡಿದ. ಆಗ ಅವನ ಕಣ್ಣಿಗೆ ಮೇಡಂ ಕೂತ ಕುರ್ಚಿ ಬಿತ್ತು. ಕೈಯಿರುವ, ದಿಂಬು ಹಾಕಿದ ದೊಡ್ಡ ಕುರ್ಚಿ. ಅದು ಹಾಲಿನ ನಟ್ಟನಡುವೆ, ಫ್ಯಾನಿನ ಕೆಳಗೆ ಇತ್ತು.

"ಮೇಡಂ, ಒಂದ್ನಿಮಿಷ ಈ ಕಡೆ ಗೋಡೆ ಹತ್ರ ಬರ್ತೀರಾ?"

ಆ ಕುರ್ಚಿಯಿಂದ ಮೇಡಂ ಅವರನ್ನು ಎಬ್ಬಿಸಿದವರು ಇದುವರೆಗೆ ಯಾರೂ ಇರಲಿಲ್ಲ. ಮಕ್ಕಳು ಉಸಿರು ಬಿಗಿಹಿಡಿದರು. ಮೇಡಂ ಎದ್ದರು, ಬಂದರು, ಗೋಡೆಗೆ ಒರಗಿ ನಿಂತರು. ಹಾಡು ಮತ್ತೆ ಬಂತು. ಅವರ ಹುಬ್ಬು ಮೇಲೇರಿತು, ತಲೆ ಆಡಿತು, ಎಷ್ಟೋ ಕಾಲದಿಂದ ಕುಣಿಯದ ಅವರ ಕಾಲೂ ಸೀರೆಯೊಳಗೆ ತಾಳ ಹಾಕಿತು.

ಧಡಂ ಉತ್ಸಾಹದಿಂದ ಕೋಣೆ, ಗೋಡೆ, ನುಂಗುವ ಶಬ್ದ ಎಲ್ಲವನ್ನೂ ವಿವರಿಸಿದ. ತಪ್ಪು ಹಾಡಿನದಲ್ಲ, ಕುರ್ಚಿಯದು ಎಂದು ಒತ್ತಿ ಹೇಳಿದ. ಅಲ್ಲಿ ಕೂತರೆ ಯಾರ ಧಮ್ಮೂ ಕೇಳಿಸುವುದಿಲ್ಲ ಎಂದು ಇನ್ನೊಂದು ಸಲ ಹೇಳಿದ.

"ಯಾರದ್ದೂ ಕೇಳಿಸಲ್ವಾ?"

"ಯಾರದ್ದೂ ಇಲ್ಲ ಮೇಡಂ."

ಮೇಡಂ ಹಳೆಯ ಸಂಗೀತಗಾರನ ಹಾಡು ಹಾಕಿಸಿದರು. ಗೋಡೆಯ ಪಕ್ಕದಲ್ಲಿ ಅದರ ಧಮ್ಮೂ ಭರ್ಜರಿಯಾಗಿ ಬಿತ್ತು. ಕೇಳುತ್ತ ಕೇಳುತ್ತ ಮೇಡಂ ಅವರ ಕಣ್ಣು ತುಂಬಿತು.

"ಅಯ್ಯೋ, ಸುಮ್ಮಸುಮ್ಮನೆ ಆ ಬಡಪಾಯಿನ ಕಳಿಸಿಬಿಟ್ಟೆನಲ್ಲಪ್ಪ. ನೀನು ಬರದೇ ಇದ್ದಿದ್ರೆ ಈ ಪಾಪ ನನ್ನ ತಲೆ ಮೇಲೇ ಇರ್ತಿತ್ತು." ಅಲ್ಲಿಯೇ ಫೋನ್ ಮಾಡಿ ಹಳಬನ ಕ್ಷಮೆ ಕೇಳಿ, ಹಳೆಯ ಕೆಲಸಕ್ಕೆ ನಾಳೆಯಿಂದಲೇ ಬರುವಂತೆ ಹೇಳಿದರು. ಧಡಂನ ಬೆನ್ನು ತಟ್ಟಿ, ಇಷ್ಟು ನಿಯತ್ತಿನ ಹುಡುಗ ಈ ಕಾಲದಲ್ಲಿ ಸಿಗುವುದಿಲ್ಲ ಎಂದರು. ಹೋಗುವ ಮುಂಚೆ ಆ ಕುರ್ಚಿಯನ್ನು ಸರಿಯಾದ ಜಾಗದಲ್ಲಿ ಇಟ್ಟು ಹೋಗಬೇಕೆಂದು ಕೇಳಿಕೊಂಡರು. ಧಡಂ ಇಟ್ಟ. ಬಹಳ ಭಾರವಾಗಿತ್ತು.

ಮನೆಗೆ ಹೋಗಿ ಅಕ್ಕನ ಮುಖ ನೋಡುವ ಧೈರ್ಯವಾಗದೆ ನೇರವಾಗಿ ಟೈಲ್ಸ್ ಅಂಗಡಿಗೆ ನಡೆದ. ಗೋದಾಮಿನ ಮುಂದೆ ಲಾರಿ ನಿಂತಿತ್ತು. ಮೂಟೆ ಇಳಿಸುತ್ತಿದ್ದ ಭಾವ ಅವನ ಮುಖ ನೋಡಿಯೇ ವಿಷಯ ತಿಳಿದುಕೊಂಡರು.

"ನಾಳೆಯಿಂದ ಬರ್ತೀಯಾ ಹಾಗಾದ್ರೆ?" ಎನ್ನುತ್ತ ಹೆಗಲ ಮೇಲಿದ್ದ ಸಿಮೆಂಟ್ ಮೂಟೆಯನ್ನು ನೆಲಕ್ಕೆ ಹಾಕಿದರು.

ಧಮ್.

ಧಡಂ ನಿಂತಲ್ಲೇ ನಿಂತ. ದುಂಡಗಿನ, ಆಳದ, ಕೊನೆಯಲ್ಲಿ ಸಣ್ಣಗೆ ಧೂಳು ಉದುರುವ ಧಮ್. ಅವನು ಜನ್ಮದಲ್ಲಿ ಇಂಥದ್ದನ್ನು ಮಾಡಿರಲಿಲ್ಲ. ಜೇಬಿನಿಂದ ಫೋನ್ ತೆಗೆದು, ರೆಕಾರ್ಡಿಂಗ್ ಶುರು ಮಾಡಿ, ಮೆಲ್ಲಗೆ ಗೋದಾಮಿನ ಕಿಟಕಿಯ ಕಟ್ಟೆಯ ಮೇಲಿಟ್ಟ.

"ನಾಳೆ ಯಾಕೆ ಭಾವ, ಈಗಲೇ ಬರ್ತೀನಿ. ಇನ್ನೆಷ್ಟು ಮೂಟೆ ಇದೆ?"

"ಲಾರಿ ತುಂಬ ಇದೆ."

"ನೀವು ಕೂತ್ಕೊಳ್ಳಿ. ಎಲ್ಲಾ ನಾನೇ ಇಳಿಸ್ತೀನಿ."

ಭಾವ ಪೇಂಟ್ ಡಬ್ಬಿಯ ಮೇಲೆ ಕೂತರು. ಹುಡುಗ ಪ್ರತಿ ಮೂಟೆಯನ್ನೂ ಬೇರೆ ಬೇರೆ ಎತ್ತರದಿಂದ ಹಾಕುವುದನ್ನು, ಹಾಕಿದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದನ್ನು ನೋಡುತ್ತ ಅಕ್ಕನಿಗೆ ಫೋನ್ ಮಾಡಿದರು.

"ಕೊನೆಗೂ ನಿನ್ನ ತಮ್ಮನಿಗೆ ಬುದ್ಧಿ ಬಂತು ಕಣೇ."