ಒಂದೇ ಹೆಸರಿನ ಎರಡು ರಕ್ತ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಎರಡು ವರ್ಷದಿಂದ ನನ್ನನ್ನು ಹಿಡಿದಿರುವ ದಣಿವು ಮೊದಲು ಕಾಲನ್ನು, ಆಮೇಲೆ ನೆನಪನ್ನು ತಿನ್ನುತ್ತದೆ. ಆದರೆ ಒಂದು ಮಾತು ಖಂಡಿತ: ನನ್ನ ಸೋದರತ್ತೆಯಷ್ಟು ಧಾರಾಳಿ ಹೈದರಾಬಾದಿನಲ್ಲಿ ಇನ್ನೊಬ್ಬರಿಲ್ಲ. ತಮ್ಮ ಹೆಸರನ್ನೇ ನನಗೆ ಕೊಟ್ಟುಬಿಟ್ಟರು!

ನಮ್ಮ ಕಡೆ ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹಿರಿಯರು ಬೇರೊಂದು ಹೆಸರು ಗೊತ್ತುಮಾಡಿದ್ದರಂತೆ. ಅತ್ತೆ ಬಗ್ಗಿ, ವಾಡಿಕೆಯಂತೆ ಕಿವಿಯಲ್ಲಿ 'ಕುರ್ರ್' ಎಂದು ಉಸುರಿದ್ದು ತಮ್ಮದೇ ಹೆಸರು! ಹೆಸರಿಟ್ಟವಳ ಬೆನ್ನಿಗೆ ಹೆಂಗಸರು ಹಾಕುವ ಶಾಸ್ತ್ರದ ಗುದ್ದುಗಳು ಅಂದು ಶಾಸ್ತ್ರ ಮೀರಿ ಬಿದ್ದವಂತೆ. ಹೇಳಿದವರು ಅತ್ತೆಯೇ, ನಾನು ತೊಟ್ಟಿಲಲ್ಲಿದ್ದೆ, ಸಾಕ್ಷಿ ನುಡಿಯಲಾರೆ.

ಈಗ ಇದೇ ಹೈದರಾಬಾದಿನ ಉಪ್ಪಲ್‌ನ ನಾಲ್ಕನೇ ಮಹಡಿಯಲ್ಲಿ ನಾವಿಬ್ಬರೇ. ನಾನು ಸ್ನಾನ ಮಾಡಿದರೂ ಆಮೇಲೆ ಮಲಗಬೇಕು. ಅತ್ತೆಗೋ ಲಿಫ್ಟ್ ಎಂದರೆ ಅವಮಾನ! ತರಕಾರಿ ಚೀಲ ಹಿಡಿದು ಮೆಟ್ಟಿಲೇ ಹತ್ತುತ್ತಿದ್ದರು. ಪ್ರತಿ ಮಹಡಿಯಲ್ಲೂ ನಿಂತು, ಬಾಗಿಲ ಮುಂದಿನ ಚಪ್ಪಲಿ ನೋಡಿ, ಎಂದಾದರೂ ಹಿಂದೆ ಕಾಲೆಳೆದು ಬಂದ ನನಗೆ ಆ ಮನೆಯ ಸಮಾಚಾರ ಹೇಳುತ್ತಿದ್ದರು. "ಇವರ ಮನಿಗೆ ಬೀಗರು ಬಂದಾರ. ಹಿಮ್ಮಡ ಹೆಂಗ ಸವದೈತಿ ನೋಡು, ಭಾಳ ಅಡ್ಡಾಡಿಸ್ಯಾರ ಪಾಪ!"

ಇನ್ನೊಂದು ಚಟ, ಹಸಿ ಅಕ್ಕಿ ಮುಕ್ಕುವುದು.

"ಹಸಿ ಅಕ್ಕಿ ತಿಂದ್ರ ಮದುವ್ಯಾಗ ಮಳಿ ಬರ್ತೈತಂತ್ರಿ ಅತ್ತಿ."

"ನನ್ನ ಮದುವಿ ಮುಗದೈತಿ. ಇನ್ನ ನಿನ್ನ ಮದುವ್ಯಾಗ ಬರ್ಲಿ!"

ನನ್ನ ರಕ್ತದ ಮೇಲೆ ಅತ್ತೆಗೆ ಸಿಟ್ಟು. ಎಷ್ಟು ಸಲ ಪರೀಕ್ಷೆ ಮಾಡಿಸಿದರೂ ಥೈರಾಯ್ಡು, ಸಕ್ಕರೆ, ವಿಟಮಿನ್ನು ಎಲ್ಲ ಮಿತಿಯೊಳಗೇ. ಮಿತಿ ತಪ್ಪಿದ ಅಂಕಿಯನ್ನು ಲ್ಯಾಬಿನವರು ದಪ್ಪಗೆ ಅಚ್ಚು ಮಾಡುತ್ತಾರೆ. ಇಂಗ್ಲಿಷ್ ಬಾರದ ಅತ್ತೆ ಹುಡುಕುವುದು ಅದನ್ನಷ್ಟೇ.

"ಒಂದರೆ ದಪ್ಪ ಐತೇನ?"

"ಇಲ್ರಿ."

"ಪಾಸಾದಾಕಿ ಯಾಕ ಅಳಾಕತ್ತೀಯವ್ವಾ?"

ಹೇಗೆ ಹೇಳಲಿ? ರಕ್ತದಲ್ಲಿ ಏನೂ ಇಲ್ಲವೆಂದರೆ ಈ ದಣಿವು ಎಲ್ಲಿದೆ? ನಾನೇ ಹುಟ್ಟಿಸಿಕೊಂಡೆನೆ? ಹುಡುಕಿದ ಕಾಯಿಲೆ ಸಿಗಲಿಲ್ಲ ಎಂದಷ್ಟೇ ಅದರ ಅರ್ಥ, ದಣಿವು ಸುಳ್ಳೆಂದಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದ್ದರು. ಆದರೂ ನನಗೆ ಒಂದೇ ಒಂದು ದಪ್ಪ ಅಂಕಿ ಬೇಕಿತ್ತು, ನಾಲ್ಕು ಜನರಿಗೆ ತೋರಿಸಲು.

ಕಳೆದ ತಿಂಗಳು ಲ್ಯಾಬಿನವರು, ಒಬ್ಬರು ಮಾಡಿಸಿದರೆ ಇನ್ನೊಬ್ಬರಿಗೆ ಪುಕ್ಕಟೆ ಎಂದರು. ಪುಕ್ಕಟೆ ಎಂದರೆ ಅತ್ತೆ ಸೂಜಿಗೂ ಕೈಚಾಚುತ್ತಾರೆ! ರಕ್ತ ತೆಗೆಯಲು ಬಂದ ತೆಲುಗು ಹುಡುಗಿಗೆ ಕನ್ನಡದಲ್ಲೇ ಉಪಚಾರ ಬೇರೆ: "ಸಂಕೋಚ ಮಾಡಬ್ಯಾಡವಾ, ಇನ್ನಷ್ಟು ತಗೋ!"

ಮರುದಿನ ವರದಿ ಫೋನಿಗೆ ಬಂತು. ಹಿಮೋಗ್ಲೋಬಿನ್ ಏಳು. ಕಬ್ಬಿಣದ ಸಂಗ್ರಹ ತಳ ಕಂಡಿತ್ತು. ಎರಡೂ ದಪ್ಪ!

"ಅತ್ತಿ, ಸಿಕ್ತರಿ! ನನ್ನ ರಕ್ತದಾಗ ರಕ್ತನ ಇಲ್ಲ!"

"ನಾ ಹೇಳಿದ್ದಿಲ್ಲೇನ? ಹುಡುಗಿ ಸುಳ್ಳ ಹೇಳಾಕಿ ಅಲ್ಲ!" ಎಂದು ಅತ್ತೆ ಸಿಹಿ ಸಜ್ಜಕಕ್ಕೆ ರವೆ ಹುರಿಯಲು ಹೋದರು. ಆ ಘಮದಲ್ಲೇ ಇನ್ನೊಮ್ಮೆ ಓದಿದೆ. ಹೆಸರು ನನ್ನದೇ. ಪಕ್ಕದಲ್ಲಿ ವಯಸ್ಸು: ಅರವತ್ತೆರಡು.

ನನ್ನ ವರದಿ ಅದರ ಹಿಂದೆಯೇ ಬಂದಿತ್ತು. ಎಂದಿನಂತೆ ಪಾಸು.

ಅಡುಗೆಮನೆಯಲ್ಲಿ ಅತ್ತೆ ಕಟ್ಟೆಗೆ ಒರಗಿಕೊಂಡು ಅಕ್ಕಿ ಜಗಿಯುತ್ತಿದ್ದರು. ಮೈಯಲ್ಲಿ ಕಬ್ಬಿಣ ಕಡಿಮೆಯಾದವರಿಗೆ ಹಸಿ ಅಕ್ಕಿ, ಮಣ್ಣು ತಿನ್ನುವ ಆಸೆಯಾಗುತ್ತದೆ ಎಂದು ಎಲ್ಲೋ ಓದಿದ್ದು ಆಗ ನೆನಪಾಗಬೇಕೆ?

"ಇದು ನಿಮ್ಮ ರಕ್ತರಿ ಅತ್ತಿ."

"ನಂದಾ? ಪುಕ್ಕಟಿ ನೋಡ್ಯಾರಲ್ಲ, ಬಾಯಿಗೆ ಬಂದದ್ದ ಬರದಾರ!"

ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ. ರಕ್ತ ಎಲ್ಲಿ ಸೋರುತ್ತಿದೆಯೋ, ಇನ್ನೂ ಹುಡುಕುತ್ತಿದ್ದಾರೆ. ಅತ್ತೆ ಈಗ ತಕರಾರಿಲ್ಲದೆ ಲಿಫ್ಟ್ ಹತ್ತುತ್ತಾರೆ. ನನಗೆ ಅದೇ ಹೆದರಿಕೆ. ಇವತ್ತು ಅದರೊಳಗೇ ಅವರ ಕೈ ಹಿಡಿದು ಕೇಳಿದೆ. ಅವರು ಮಹಡಿಯ ಅಂಕಿ ಬದಲಾಗುವುದನ್ನೇ ನೋಡುತ್ತ ನಿಂತಿದ್ದರು.

"ಅತ್ತಿ, ಖರೇ ಹೇಳ್ರಿ. ಇಷ್ಟು ದಿನ ಮೆಟ್ಟಿಲ ಮ್ಯಾಲೆ ನಿಂತದ್ದು ಚಪ್ಪಲಿ ನೋಡಾಕೇನ್ರಿ?"